ಕೆರೆನ್ ಗೆದ್ದ 4ನೇ ಡಿವಿಜನ್ 1962ರಲ್ಲಿ ಯಾಕೆ ಚದುರಿಹೋಯಿತು?

ಬಯಲುಸೀಮೆ

ಎಲ್ಲರಿಗೂ ನಮಸ್ಕಾರ. ಸೇನಾ ಇತಿಹಾಸ ಓದಿಕೊಂಡವರು ಇಲ್ಲಿ ಜಾಸ್ತಿ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ನಮ್ಮ ಸೇನೆಯ 4ನೇ ಪದಾತಿ ಡಿವಿಜನ್, ಅದೇ ಕೆಂಪು ಹದ್ದಿನ ಗುರುತಿನದು, ಎರಡನೇ ಮಹಾಯುದ್ಧದಲ್ಲಿ ಗಳಿಸಿದ ಹೆಸರು ಸಣ್ಣದಲ್ಲ. 1940ರ ಡಿಸೆಂಬರ್‌ನಲ್ಲಿ ಈಜಿಪ್ಟಿನ ಸಿದಿ ಬರ್ರಾನಿ. 1941ರ ಮಾರ್ಚ್‌ನಲ್ಲಿ ಎರಿಟ್ರಿಯಾದ ಕೆರೆನ್. 1943ರ ಮೇ 12ರಂದು ಟ್ಯುನೀಷಿಯಾದಲ್ಲಿ ಜರ್ಮನಿಯ ಜನರಲ್ ಫಾನ್ ಆರ್ನಿಮ್ ಶರಣಾದದ್ದು ಇವರ ಮುಂದೆಯೇ. 1944ರಲ್ಲಿ ಇಟಲಿಯ ಕಸ್ಸೀನೋ.

ಅದೇ ಡಿವಿಜನ್ ಚೀನಾ ಯುದ್ಧದಲ್ಲಿ, 1962ರ ಅಕ್ಟೋಬರ್ 20ರಂದು, ಈಗಿನ ಅರುಣಾಚಲದ ನಮ್ಕಾ ಚು ಹೊಳೆ ದಂಡೆಯಲ್ಲಿ ತನ್ನ ಒಂದು ಬ್ರಿಗೇಡನ್ನು ಕೆಲವೇ ಗಂಟೆಗಳಲ್ಲಿ ಕಳೆದುಕೊಂಡಿತು. ಒಂದು ತಿಂಗಳೊಳಗೆ ಸೇ ಲಾ, ಬೊಮ್ಡಿಲಾ ಎಲ್ಲ ಕೈಬಿಟ್ಟವು. ಮೂರೇ ವರ್ಷಕ್ಕೆ ಅದೇ ಡಿವಿಜನ್ ಪಂಜಾಬಿನ ಅಸಲ್ ಉತ್ತರ್‌ನಲ್ಲಿ ಪಾಕಿಸ್ತಾನದ ಟ್ಯಾಂಕ್ ಡಿವಿಜನ್ನನ್ನೇ ತಡೆದು ನಿಲ್ಲಿಸಿತು.

1962ರ ಮಾತು ಬಂದರೆ ನೆಹರೂ, ಆಗಿನ ರಕ್ಷಣಾ ಮಂತ್ರಿ ಮೆನನ್ ಹೆಸರು ಹೇಳಿ ಮುಗಿಸಿಬಿಡುತ್ತಾರೆ. ದೆಹಲಿಯ ತಪ್ಪು ಇತ್ತು, ಒಪ್ಪುತ್ತೇನೆ. ನನಗೆ ತಿಳಿಯಬೇಕಾದದ್ದು ಡಿವಿಜನ್ ಒಳಗೆ ಏನಾಯಿತು ಅನ್ನೋದು. ಅಷ್ಟು ಯುದ್ಧ ಕಂಡ ಡಿವಿಜನ್ ಹಾಗೆ ಬಿರುಕು ಬಿಡೋದು ಹೇಗೆ?

ನಿವೃತ್ತ ಗನ್ನರ್

ಒಳ್ಳೆ ಪ್ರಶ್ನೆ ಸರ್. ಉತ್ತರ ಹುಡುಕೋಕೆ ಕೆರೆನ್‌ನಿಂದಲೇ ಶುರು ಮಾಡಬೇಕು.

ಡಿವಿಜನ್ ಅಂದರೆ ಎಲ್ಲರೂ ಬಂದೂಕು ಹಿಡಿದ ಪಲ್ಟನ್‌ಗಳನ್ನು, ಅಂದರೆ ಬೆಟಾಲಿಯನ್‌ಗಳನ್ನು ಎಣಿಸುತ್ತಾರೆ. ಮೂರು ಬ್ರಿಗೇಡ್, ಬ್ರಿಗೇಡಿಗೆ ಮೂರು ಬೆಟಾಲಿಯನ್. ಆದರೆ ಅದರ ಬೆನ್ನಿಗೆ ತೋಪುಖಾನೆಯ ಮೂರು ಫೀಲ್ಡ್ ರೆಜಿಮೆಂಟು, ಒಟ್ಟು 72 ತೋಪುಗಳು ಇರುತ್ತಿದ್ದವು. ರಸ್ತೆ, ಸೇತುವೆ, ಮೈನ್ (ನೆಲಬಾಂಬ್) ನೋಡಿಕೊಳ್ಳೋಕೆ ಸ್ಯಾಪರ್ ಕಂಪನಿಗಳು. ಸಂಪರ್ಕ ನೋಡಿಕೊಳ್ಳುವ ಸಿಗ್ನಲ್ಸ್‌ನವರು, ಲಾರಿಗಳು, ಗಾಯಾಳುಗಳನ್ನು ಹೊರುವವರು. ಇವರೆಲ್ಲ ವರ್ಷಗಟ್ಟಲೆ ಒಟ್ಟಿಗೆ ಇದ್ದು, ಒಬ್ಬರ ದನಿ ಇನ್ನೊಬ್ಬರಿಗೆ ವೈರ್‌ಲೆಸ್‌ನಲ್ಲಿ ಗುರುತು ಸಿಗುವಷ್ಟು ಪಳಗಿದ್ದರೆ ಮಾತ್ರ ಅದು ಡಿವಿಜನ್.

ಕೆರೆನ್‌ನಲ್ಲಿ ಏನಾಯಿತು ನೋಡಿ. ಪಟ್ಟಣಕ್ಕೆ ಹೋಗಲು ಇದ್ದದ್ದು ಡೊಂಗೊಲಾಸ್ ಎಂಬ ಒಂದು ಕಿರಿದಾದ ಕಣಿವೆ. ಎಡಗಡೆ ಸಂಚಿಲ್, ಬ್ರಿಗ್ಸ್ ಪೀಕ್ ಬೆಟ್ಟಗಳು. ಬಲಗಡೆ ಡೊಲೊಗೊರೊಡಾಕ್ ಕೋಟೆ. ಮೇಲೆಲ್ಲ ಇಟಲಿಯವರು. ಫೆಬ್ರವರಿ ಮೊದಲ ವಾರದಲ್ಲಿ ನಮ್ಮವರು ಹತ್ತಿದ್ದು ಕ್ಯಾಮರನ್ ರಿಜ್ ಎಂಬ ಏಣು. ಅಲ್ಲಿಂದ ಮುಂದಿನ ದಾಳಿಗಳು ಎಷ್ಟೋ ಸಲ ಶಿಖರ ಮುಟ್ಟಿ ವಾಪಸು ಬಂದವು. ಕಾರಣ, ಅಲ್ಲಿ ನಿಂತವನಿಗೆ ನೀರು, ಗುಂಡು ತಲುಪಿಸೋದೇ ದೊಡ್ಡ ಕೆಲಸ. ಪ್ರತಿ ಡಬ್ಬಿ ನೀರನ್ನೂ ಮನುಷ್ಯರು ಹೆಗಲ ಮೇಲೆ ಹೊತ್ತು ಬಂಡೆ ಹತ್ತಬೇಕು. ಹೊತ್ತವನಿಗೂ ದಾರಿಯಲ್ಲಿ ಬಾಯಾರಿಕೆ. ಗಾಯಾಳುಗಳನ್ನು ಇಳಿಸಿಕೊಂಡು ಬರಬೇಕಾದವರೂ ಅವರೇ. ಬೆಟ್ಟದ ಮೇಲೆ ಹೋರಾಡಲು ಉಳಿಯುತ್ತಿದ್ದವರು ಅದಕ್ಕೇ ಕಡಿಮೆ. ಸುಬೇದಾರ್ ರಿಚ್‌ಪಾಲ್ ರಾಮ್ ಬ್ರಿಟಿಷರ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಪಡೆದದ್ದು ಇಂಥ ದಾಳಿಗಳಲ್ಲೇ, ಅದನ್ನು ಪಡೆಯಲು ಅವರು ಬದುಕಿರಲಿಲ್ಲ.

ಆಗ ಅಲ್ಲಿನ ಪಡೆಗಳ ಕಮಾಂಡರ್ ಜನರಲ್ ಪ್ಲಾಟ್ ಏನು ಮಾಡಿದರು? ದಾಳಿ ನಿಲ್ಲಿಸಿದರು. ರಸ್ತೆ ರಿಪೇರಿ, ತೋಪಿನ ಗುಂಡಿನ ದಾಸ್ತಾನು, 5ನೇ ಡಿವಿಜನ್ ಜೊತೆ ತಾಲೀಮು. ಮಾರ್ಚ್ 15ಕ್ಕೆ ಎರಡೂ ಡಿವಿಜನ್ ಒಟ್ಟಿಗೆ ಏರಿದವು. 27ಕ್ಕೆ ಕೆರೆನ್ ಬಿತ್ತು. ನಮ್ಮ ಕಡೆ ಸತ್ತವರು 500ಕ್ಕೂ ಹೆಚ್ಚು, ಗಾಯಗೊಂಡವರು 3,000ಕ್ಕೂ ಹೆಚ್ಚು. ಗೆಲುವಿಗೆ ಧೈರ್ಯ ಬೇಕಿತ್ತು, ನಿಜ. ಆದರೆ ಆ ಧೈರ್ಯದ ಹಿಂದೆ ತಯಾರಿ ಮಾಡಿಕೊಳ್ಳಲು ಕೊಟ್ಟ ನಾಲ್ಕು ವಾರ ಇತ್ತು. 1962ರಲ್ಲಿ ಸಿಗದೇ ಹೋದದ್ದು ಅದೇ.

ಹಲಸೂರು ಕೆರೆ ದಂಡೆ

ಗನ್ನರ್ ಸರ್, ಸ್ಯಾಪರ್‌ಗಳ ಬಗ್ಗೆ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿರಲ್ಲ! ನಾನು ಬೆಳೆದದ್ದು ಮದ್ರಾಸ್ ಸ್ಯಾಪರ್ಸ್ ಕೇಂದ್ರದ ಪಕ್ಕದಲ್ಲೇ. ಬೆಂಗಳೂರಿನವರಿಗೆ ಆ ಕಾಂಪೌಂಡ್ ಗೋಡೆ ಗೊತ್ತು, ಅದರೊಳಗಿಂದ ಹೋದವರ ಕಥೆ ಅಷ್ಟಾಗಿ ಗೊತ್ತಿಲ್ಲ.

ಕೆರೆನ್ ಕಣಿವೆಯಲ್ಲಿ ಇಟಲಿಯವರು ಬಂಡೆ ಸಿಡಿಸಿ ರಸ್ತೆ ಮುಚ್ಚಿದ್ದರು. ಎರಡೂ ಬದಿಯ ಬೆಟ್ಟ ಗೆದ್ದರೂ ಆ ಕಲ್ಲುರಾಶಿ ತೆಗೆಯದೆ ಟ್ಯಾಂಕ್ ಮುಂದೆ ಹೋಗುವಂತಿರಲಿಲ್ಲ. ಮೇಲೆ ಕಾಳಗ ನಡೆಯುತ್ತಿದ್ದಾಗಲೇ ಕೆಳಗೆ ಸ್ಯಾಪರ್‌ಗಳು ಅದನ್ನು ಬಿಡಿಸಿದರು. ಕೊನೆಯ ದಿನ ಟ್ಯಾಂಕ್‌ಗಳು ಊರೊಳಗೆ ನುಗ್ಗಿದ್ದು ಆ ದಾರಿಯಲ್ಲೇ.

ಇನ್ನೊಂದು ಹೆಸರು ಹೇಳಲೇಬೇಕು. ಸುಬೇದಾರ್ ಸುಬ್ರಮಣಿಯನ್. 4ನೇ ಡಿವಿಜನ್ನಿನ 11ನೇ ಫೀಲ್ಡ್ ಪಾರ್ಕ್ ಕಂಪನಿ, ಮದ್ರಾಸ್ ಸ್ಯಾಪರ್ಸ್. 1944ರ ಫೆಬ್ರವರಿ 24, ಇಟಲಿಯ ಮಿನ್ಯಾನೋ ಹತ್ತಿರ. ತಂಡ ಮೈನ್ ತೆಗೆಯುವ ಕೆಲಸದಲ್ಲಿತ್ತು. ಜೊತೆಗಿದ್ದವರ ನಡುವೆ ಒಂದು ಮೈನ್ ಸಿಡಿಯಲು ಹೊರಟಿತು. ಓಡಿಹೋಗಲು ಸುಬ್ರಮಣಿಯನ್ ಅವರಿಗೆ ಸಾಧ್ಯವಿತ್ತು. ಅವರು ಅದರ ಮೇಲೆ ಬಿದ್ದು ಮೈಯಿಂದಲೇ ಮುಚ್ಚಿದರು. ಉಳಿದವರು ಬದುಕಿದರು. ಜಾರ್ಜ್ ಕ್ರಾಸ್ ಪಡೆದ ಮೊದಲ ಭಾರತೀಯ ಅವರು. ಡಿವಿಜನ್ ಇತಿಹಾಸ ಅಂದಾಗ ದಾಳಿ ಮಾಡಿದ ಪಲ್ಟನ್‌ಗಳ ಪಟ್ಟಿ ಸಿಗುತ್ತದೆ. ಹಿಂದಿನ ಕಂಪನಿಗಳ ಇಂಥವರನ್ನು ನಾವೇ ಹುಡುಕಿ ಓದಬೇಕು.

ಕುಂದಾನಗರಿ

ಬೆಳಗಾವಿಯಿಂದ ಒಂದು ಮಾತು. ಈ ಡಿವಿಜನ್ 1962ಕ್ಕೂ ಮೊದಲೇ ಒಂದು ಸಲ ಬ್ರಿಗೇಡ್ ಕಳೆದುಕೊಂಡಿತ್ತು, ಅದನ್ನು ಯಾರೂ ಹೇಳಲಿಲ್ಲ.

1942ರ ಹೊತ್ತಿಗೆ ಮೇಲಿನವರು ಇದರ ಬ್ರಿಗೇಡ್‌ಗಳನ್ನು ಹಂಚಿಬಿಟ್ಟಿದ್ದರು. ಒಂದು ಸೈಪ್ರಸ್‌ಗೆ, ಒಂದು ಪ್ಯಾಲೆಸ್ಟೈನ್‌ಗೆ, ಒಂದು ಸೂಯೆಜ್ ಕಾಲುವೆ ಕಡೆಗೆ. ಆಮೇಲೆ 11ನೇ ಬ್ರಿಗೇಡನ್ನು ತೆಗೆದು ಲಿಬಿಯಾದ ಟೊಬ್ರುಕ್ ಕೋಟೆಯೊಳಗೆ, ಬೇರೆಯವರ ಕೈಕೆಳಗೆ ಹಾಕಿದರು. 2/5 ಮರಾಠಾ, ಕ್ಯಾಮರನ್ ಹೈಲ್ಯಾಂಡರ್ಸ್, 2/7 ಗೂರ್ಖಾ ಇದ್ದ ಬ್ರಿಗೇಡ್ ಅದು. ಮರಾಠಾ ರೆಜಿಮೆಂಟಿನ ಮನೆ ನಮ್ಮ ಊರು, ಹಾಗಾಗಿ ಈ ಘಟನೆ ನಮಗೆ ದೂರದ್ದಲ್ಲ. ಜೂನ್ 20ರಂದು ಜರ್ಮನ್ ಸೇನಾಪತಿ ರೊಮೆಲ್ ದಾಳಿ ಬಿದ್ದದ್ದು ನೇರ ಇವರ ಸಾಲಿನ ಮೇಲೆ. ಮರುದಿನ ಟೊಬ್ರುಕ್ ಶರಣಾಯಿತು. ಬದುಕಿದವರಲ್ಲಿ ಹೆಚ್ಚಿನವರು ಸೆರೆ ಹೋದರು.

ಡಿವಿಜನ್ ಕಮಾಂಡರ್ ಫ್ರಾನ್ಸಿಸ್ ಟೂಕರ್‌ಗೆ ಇದರ ಸಿಟ್ಟು ಕೊನೆತನಕ ಹೋಗಲಿಲ್ಲ. ಈಜಿಪ್ಟಿನ ಎಲ್ ಅಲಮೇನ್ ಗೆಲುವಿನ ನಂತರವೂ ಇವರ ಲಾರಿಗಳನ್ನು ಬೇರೆಯವರಿಗೆ ಕೊಟ್ಟು, ಇವರನ್ನು ರಣರಂಗದ ಗುಜರಿ ಎತ್ತಲು ಬಿಟ್ಟಿದ್ದರು. ಟೂಕರ್ ಹಟ ಹಿಡಿದು ಡಿವಿಜನ್ನನ್ನು ಮತ್ತೆ ಒಂದುಗೂಡಿಸಿಕೊಂಡರು. ಫಲ ಏನು? 1943ರ ಏಪ್ರಿಲ್ 5ರ ರಾತ್ರಿ, ಟ್ಯುನೀಷಿಯಾದ ವಾಡಿ ಅಕಾರಿಟ್. ತೋಪಿನ ಸದ್ದೇ ಇಲ್ಲದೆ ಗೂರ್ಖಾಗಳು ಕತ್ತಲಲ್ಲಿ ಫತ್ನಸ್ಸಾ ಬೆಟ್ಟ ಹತ್ತಿದರು. ಸುಬೇದಾರ್ ಲಾಲ್‌ಬಹಾದುರ್ ಥಾಪಾಗೆ ವಿಕ್ಟೋರಿಯಾ ಕ್ರಾಸ್ ಬಂದದ್ದು ಆ ರಾತ್ರಿಯ ಕೆಲಸಕ್ಕೆ. ಬೆಳಗಾಗುವಷ್ಟರಲ್ಲಿ ಬೆಟ್ಟ ಕೈಯಲ್ಲಿತ್ತು. ಆಗ ಇದ್ದದ್ದು ಎರಡೇ ಬ್ರಿಗೇಡ್, 5 ಮತ್ತು 7. ಆದರೆ ಎರಡೂ ತನ್ನವು.

ಬಯಲುಸೀಮೆ ಸರ್, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಲ್ಲೇ ಇದೆ. ಹಂಚಿಹೋದಾಗ ಸೋಲು, ಕೂಡಿದಾಗ ಗೆಲುವು.

ಬಯಲುಸೀಮೆ

ಟೊಬ್ರುಕ್ ಕಥೆ ನನಗೆ ಹೊಸದು, ಧನ್ಯವಾದ. ಹಾಗಾದರೆ 1962ರಲ್ಲಿ 5, 7, 11 ಈ ಮೂರು ಬ್ರಿಗೇಡ್ ಎಲ್ಲಿದ್ದವು? ಯಾರಾದರೂ ಹೇಳುತ್ತೀರಾ?

ಇತಿಹಾಸದ ಮೇಷ್ಟ್ರು

ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ.

1959ರ ಕೊನೆಗೆ ಡಿವಿಜನ್ನನ್ನು ಅಂಬಾಲಾದಿಂದ ಈಶಾನ್ಯಕ್ಕೆ ಕಳಿಸಿದರು. ಪಂಜಾಬಿನ ಬಯಲಲ್ಲಿ ಯುದ್ಧ ಮಾಡಲು ತಯಾರಾಗಿದ್ದ ಡಿವಿಜನ್ ಅದು. ಮುಖ್ಯ ಕಚೇರಿ ಅಸ್ಸಾಮಿನ ತೇಜ್‌ಪುರದಲ್ಲಿ. 11ನೇ ಬ್ರಿಗೇಡನ್ನು ನಾಗಾಲ್ಯಾಂಡಿಗೆ ತೆಗೆದುಕೊಂಡರು. 5ನೇ ಬ್ರಿಗೇಡಿಗೆ ಈಗಿನ ಅರುಣಾಚಲದ ಉಳಿದ ಭಾಗ ಪೂರ್ತಿ. ತವಾಂಗ್ ಇರುವ ಕಾಮೆಂಗ್ ಕಡೆ ಉಳಿದದ್ದು 7ನೇ ಬ್ರಿಗೇಡ್ ಒಂದೇ.

1962ರ ಸೆಪ್ಟೆಂಬರ್ 8ರಂದು ಚೀನೀಯರು ಥಾಗ್ಲಾ ಏಣಿನಿಂದ ಇಳಿದು ಢೋಲಾ ಠಾಣೆ ಸುತ್ತುವರಿದರು. ಅವರನ್ನು ಓಡಿಸಬೇಕು ಅಂತ ದೆಹಲಿಯಿಂದ ಹುಕುಂ. ಬ್ರಿಗೇಡಿಯರ್ ಜಾನ್ ದಳವಿಯ 7ನೇ ಬ್ರಿಗೇಡ್ ನಮ್ಕಾ ಚು ದಂಡೆಗೆ ಇಳಿಯಬೇಕಾಯಿತು. ಆ ಜಾಗ ಹೇಗಿದೆ ಗೊತ್ತಾ? ಕೊರಕಲಿನ ತಳದಲ್ಲಿ ಸಣ್ಣ ಹೊಳೆ. ದಾಟಲು ಮರದ ದಿಮ್ಮಿ ಹಾಕಿದ ಸಂಕಗಳು. ಆಚೆ ದಡದಿಂದ ಥಾಗ್ಲಾ ನೇರ ಮೇಲೇಳುತ್ತದೆ, ಅದರ ಮೇಲೆ ಚೀನೀಯರು. ಯಾವ ಸಂಕದ ಹತ್ತಿರ ಎಷ್ಟು ಜನ ಇದ್ದಾರೆ ಅಂತ ಅವರು ಕೂತಲ್ಲೇ ಎಣಿಸಬಹುದಿತ್ತು. ನಮ್ಮ ಹುಡುಗರು ಹತ್ತಿ ಬಟ್ಟೆಯಲ್ಲಿ, ಕ್ಯಾನ್ವಾಸ್ ಶೂನಲ್ಲಿ. ಜೇಬಿನಲ್ಲಿ ತಲಾ 50 ಗುಂಡು. ವಿಮಾನದಿಂದ ಹಾಕಿದ ಸಾಮಾನಿನಲ್ಲಿ ಎಷ್ಟೋ ಪಾಲು ಕಣಿವೆಗೆ ಬಿದ್ದು ಹೋಗುತ್ತಿತ್ತು. ಗನ್ನರ್ ಸರ್ ಹೇಳಿದ 72 ತೋಪು ನೆನಪಿಸಿಕೊಳ್ಳಿ. ಇಲ್ಲಿ ಇದ್ದದ್ದು ಬೆರಳಲ್ಲಿ ಎಣಿಸುವಷ್ಟು ತೋಪು, ಅದಕ್ಕೂ ಗುಂಡು ಸಾಲದು.

ದಳವಿ ಬೇಡ ಅಂದರು. ಡಿವಿಜನ್ ಕಮಾಂಡರ್ ನಿರಂಜನ್ ಪ್ರಸಾದ್ ಕೂಡ ಹೊಳೆ ಬಿಟ್ಟು ಹಿಂದೆ ಬರೋಣ ಅಂದರು. ಅಕ್ಟೋಬರ್ 10ರಂದು ಹೊಳೆಯಾಚೆ ತ್ಸೆಂಗ್ ಜಾಂಗ್‌ನಲ್ಲಿ 9 ಪಂಜಾಬ್ ತುಕಡಿಗೆ ಚೀನೀಯರ ನಿಜವಾದ ಬಲ ಎಷ್ಟು ಅಂತ ಗೊತ್ತಾಯಿತು. ಆದರೂ ಬ್ರಿಗೇಡನ್ನು ಮೇಲಕ್ಕೆ ತರಲಿಲ್ಲ. 20ರ ಬೆಳಗಿನ ಜಾವ ದಾಳಿ ಬಿತ್ತು. 2 ರಜಪೂತ್ ಪಲ್ಟನ್ ಒಂದರಲ್ಲೇ 280ಕ್ಕೂ ಹೆಚ್ಚು ಜನ ಸತ್ತರು. ಅವರು ಓಡಲಿಲ್ಲ, ಇದ್ದಲ್ಲೇ ಸತ್ತರು. ಇದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು ಅನ್ನಿಸುತ್ತದೆ. ದಳವಿ 22ರಂದು ಸೆರೆ ಸಿಕ್ಕರು.

ನವೆಂಬರ್‌ಗೆ ಬನ್ನಿ. ನಿರಂಜನ್ ಪ್ರಸಾದ್ ಜಾಗಕ್ಕೆ ಎ.ಎಸ್. ಪಠಾನಿಯಾ. ಸೇ ಲಾದಲ್ಲಿ 62ನೇ ಬ್ರಿಗೇಡ್, ದಿರಾಂಗ್‌ನಲ್ಲಿ 65, ಬೊಮ್ಡಿಲಾದಲ್ಲಿ 48. ಸಂಖ್ಯೆಗಳನ್ನು ಇನ್ನೊಂದು ಸಲ ನೋಡಿ. 4ನೇ ಡಿವಿಜನ್ ಹೆಸರಲ್ಲಿ ಹೋರಾಡಿದ ಆ ಮೂರರಲ್ಲಿ ಒಂದೂ ಅದರ ಸ್ವಂತ ಬ್ರಿಗೇಡ್ ಅಲ್ಲ. ಕೆಂಪು ಹದ್ದಿನ ಬೋರ್ಡ್ ಇತ್ತು, ಕೆಂಪು ಹದ್ದಿನ ಡಿವಿಜನ್ ಇರಲಿಲ್ಲ.

ಮಲ್ಲಿಗೆ ತೋಟ

ಮೇಷ್ಟ್ರೇ, ನಿಮ್ಮ ವಿವರ ಓದಿ ಮನಸ್ಸು ಭಾರವಾಯಿತು. ಆದರೆ ಕೊನೆಯ ಮಾತನ್ನು ನಾನು ಪೂರ್ತಿ ಒಪ್ಪೋದಿಲ್ಲ.

62ನೇ ಬ್ರಿಗೇಡ್ ಹೊಸದಾಗಿ ಬಂದದ್ದು ನಿಜ. ಆದರೆ ಅದರ 4 ಗಢವಾಲ್ ಪಲ್ಟನ್ ನವೆಂಬರ್ 17ರಂದು ಸೇ ಲಾ ಮುಂದಿನ ನೂರಾನಾಂಗ್‌ನಲ್ಲಿ ಚೀನೀಯರ ದಾಳಿಯನ್ನು ಮತ್ತೆ ಮತ್ತೆ ಹಿಮ್ಮೆಟ್ಟಿಸಿತು. ರೈಫಲ್‌ಮನ್ ಜಸ್ವಂತ್ ಸಿಂಗ್ ರಾವತ್ ತೀರಿಕೊಂಡದ್ದು ಅಲ್ಲೇ. ಹೊಸ ಬ್ರಿಗೇಡ್ ಅಂತ ಅವರೇನೂ ಕಡಿಮೆ ಹೋರಾಡಲಿಲ್ಲ ಅಲ್ವಾ? ಸುಮಾರು 14,000 ಅಡಿ ಎತ್ತರದ ಸೇ ಲಾ ಗಟ್ಟಿ ಜಾಗ. ಅದನ್ನು ಆ ರಾತ್ರಿಯೇ ಬಿಟ್ಟು ಹೊರಡಿ ಅಂದದ್ದು ಮೇಲಿನವರು. ಕತ್ತಲಲ್ಲಿ, ಒಂದೇ ರಸ್ತೆಯಲ್ಲಿ ಹಿಂದೆ ಸರಿಯುವಾಗ ಬ್ರಿಗೇಡ್ ಚೂರಾಯಿತು. ಬ್ರಿಗೇಡಿಯರ್ ಹೋಶಿಯಾರ್ ಸಿಂಗ್ ಆ ಹಿಮ್ಮೆಟ್ಟುವಿಕೆಯಲ್ಲೇ ಪ್ರಾಣ ಕಳೆದುಕೊಂಡರು.

ಹಾಗಾಗಿ ನನ್ನ ಮಟ್ಟಿಗೆ ಮೊದಲ ದೋಷ ಕಮಾಂಡಿನದು. ಬ್ರಿಗೇಡ್ ಹಂಚಿಕೆ ಎರಡನೆಯದು.

ಇತಿಹಾಸದ ಮೇಷ್ಟ್ರು

ಮೇಡಂ, ನೂರಾನಾಂಗ್ ವಿಷಯ ನೂರಕ್ಕೆ ನೂರು ಸರಿ. ಪಲ್ಟನ್ ಹೋರಾಡಬಲ್ಲದು, ಯಾವ ಡಿವಿಜನ್ ಕೆಳಗೆ ಇದ್ದರೂ. ನಾನು ಹೇಳೋದು ಒಂದು ಮೆಟ್ಟಿಲು ಮೇಲಿನ ಮಾತು. ಕಮಾಂಡರ್ ತನ್ನ ಬ್ರಿಗೇಡಿಯರನ್ನು ವರ್ಷಗಳಿಂದ ಬಲ್ಲವನಾಗಿದ್ದರೆ, "ಒಂದು ರಾತ್ರಿ ತಡೆದುಕೋ, ನಾನಿದ್ದೇನೆ" ಅನ್ನುವ ಮಾತಿಗೆ ಬೆಲೆ ಇರುತ್ತದೆ. ಕೆಲವೇ ವಾರಗಳ ಪರಿಚಯದಲ್ಲಿ ಆ ನಂಬಿಕೆ ಎಲ್ಲಿಂದ ಬರಬೇಕು? ನೀವು ಕಮಾಂಡ್ ದೋಷ ಅನ್ನೋದರಲ್ಲಿ ಅರ್ಧ ಇಲ್ಲಿಂದಲೇ ಹುಟ್ಟಿತು ಅಂತ ನನ್ನ ಅಭಿಪ್ರಾಯ.

ಮಲ್ಲಿಗೆ ತೋಟ

ಅರ್ಧ ಅಂದಿರಲ್ಲ, ಅಷ್ಟು ಒಪ್ಪುತ್ತೇನೆ. ಉಳಿದರ್ಧಕ್ಕೆ ಆ ರಾತ್ರಿ ತೀರ್ಮಾನ ಮಾಡಿದವರೇ ಹೊಣೆ.

ಕೊಡಗಿನ ಕೂಸು

ಬೆಟ್ಟದಲ್ಲಿ ಡಿವಿಜನ್ ನಡೆಸೋದು ಹೇಗೆ ಅನ್ನೋದಕ್ಕೆ ನಮ್ಮ ತಿಮ್ಮಯ್ಯನವರ ಉದಾಹರಣೆ ಇಲ್ಲಿ ಬರಬೇಕು.

1948ರಲ್ಲಿ ಕಾಶ್ಮೀರ ಕಣಿವೆಯ ಪಡೆ ಅವರ ಕೈಯಲ್ಲಿತ್ತು. ಮುಂದೆ ಅದೇ 19ನೇ ಪದಾತಿ ಡಿವಿಜನ್ ಆಯಿತು. ಲೇಹ್‌ಗೆ ಹೋಗುವ ದಾರಿ ಜೋಜಿ ಲಾ ಕಣಿವೆದಾರಿಯಲ್ಲಿ ಪಾಕಿಸ್ತಾನದ ಕಡೆಯವರಿಂದ ಕಟ್ಟಿಹೋಗಿತ್ತು. ಸೆಪ್ಟೆಂಬರ್‌ನ ದಾಳಿ ಸೋತಿತು. ಆಮೇಲೆ ತಿಮ್ಮಯ್ಯನವರು ಅದೇ ದಾಳಿಯನ್ನು ಇನ್ನಷ್ಟು ಜನ ಹಾಕಿ ಮಾಡಲಿಲ್ಲ. 7 ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕ್‌ಗಳನ್ನು ಗುಟ್ಟಾಗಿ ತರಿಸಿದರು. ಯಾರಿಗೂ ಗುರುತು ಸಿಗದ ಹಾಗೆ ಅವುಗಳ ಗೋಪುರ ಬಿಚ್ಚಿ ತಂದರು. ಬಾಲ್ಟಾಲ್‌ನಿಂದ ಮೇಲಕ್ಕೆ ಹೇಸರಗತ್ತೆ ಹೋಗುವ ದಾರಿಯನ್ನು ಟ್ಯಾಂಕ್ ಹೋಗುವಷ್ಟು ಅಗಲ ಮಾಡಿದವರು ಯಾರು? ಹಲಸೂರು ಮೇಡಂಗೆ ಖುಷಿಯಾಗುತ್ತದೆ, ಮದ್ರಾಸ್ ಸ್ಯಾಪರ್‌ಗಳು.

ನವೆಂಬರ್ 1, ಹಿಮದಲ್ಲಿ ಟ್ಯಾಂಕ್ ಕಣಿವೆ ಹತ್ತಿತು. 11,000 ಅಡಿಗೂ ಮೇಲೆ ಟ್ಯಾಂಕ್ ಬರುತ್ತದೆ ಅಂತ ಎದುರಿನವರು ಕನಸಲ್ಲೂ ಎಣಿಸಿರಲಿಲ್ಲ. ಡಿವಿಜನ್ ಕಮಾಂಡರ್ ಸ್ವತಃ ಮುಂದೆ ಇದ್ದರು. ಅದೇ ತಿಂಗಳು ಕಾರ್ಗಿಲ್ ಕೂಡ ಬಿಡುಗಡೆಯಾಯಿತು. ಸೋತ ದಾಳಿಗೂ ಗೆದ್ದ ದಾಳಿಗೂ ನಡುವೆ ಹಾಕಿದ ರಸ್ತೆಯೇ ನನಗೆ ಈ ಕಥೆಯ ಜೀವಾಳ. ಕೆರೆನ್‌ನಲ್ಲೂ ಅದೇ ಆದದ್ದು ಅಲ್ವಾ ಗನ್ನರ್ ಸರ್?

ನಿವೃತ್ತ ಗನ್ನರ್

ಅದೇ ಸರ್. ಈಗ ಅಸಲ್ ಉತ್ತರ್‌ಗೆ ಬರುತ್ತೇನೆ, ಬಯಲುಸೀಮೆ ಕೇಳಿದ್ದರ ಕೊನೆಯ ಭಾಗ ಅದು.

1965ರಲ್ಲಿ ಇದು 4ನೇ ಮೌಂಟನ್ ಡಿವಿಜನ್. ಕಮಾಂಡರ್ ಮೇಜರ್ ಜನರಲ್ ಗುರ್ಬಕ್ಷ್ ಸಿಂಗ್. ಕೈಯಲ್ಲಿ ಇದ್ದದ್ದು ಎರಡೇ ಬ್ರಿಗೇಡ್, 7 ಮತ್ತು 62. ಹೌದು, ಸೇ ಲಾದ ಅದೇ 62. ಸೆಪ್ಟೆಂಬರ್ 6ರಂದು ಪಾಕಿಸ್ತಾನದ ಕಡೆಗೆ ಮಾಡಿದ ಮುನ್ನುಗ್ಗುವಿಕೆ ಕೈಗೂಡಲಿಲ್ಲ. ಪಲ್ಟನ್‌ಗಳಲ್ಲಿ ಜನ ಕಡಿಮೆಯಾದರು. 1962 ಮತ್ತೆ ಬಂತಾ ಅನ್ನೋ ಹಾಗಿತ್ತು ಪರಿಸ್ಥಿತಿ.

ಗುರ್ಬಕ್ಷ್ ಸಿಂಗ್ 7ರ ರಾತ್ರಿ ಹಿಂದೆ ಸರಿದು ಅಸಲ್ ಉತ್ತರ್ ಸುತ್ತ ಲಾಳಾಕಾರದಲ್ಲಿ ಕೂತರು. ಜಾಗ ಅವರೇ ಆರಿಸಿಕೊಂಡದ್ದು, ಇದು ನಮ್ಕಾ ಚುಗಿಂತ ದೊಡ್ಡ ವ್ಯತ್ಯಾಸ. ರಾತ್ರೋರಾತ್ರಿ ಮೈನ್ ಹೂತರು. ನೀರು ಬಿಟ್ಟು ಗದ್ದೆ ತೋಯಿಸಿದರು. ಆಳೆತ್ತರದ ಕಬ್ಬಿನೊಳಗೆ ತೋಪು, ಟ್ಯಾಂಕ್, ಜೀಪ್ ಮೇಲಿನ 106 ಮಿ.ಮೀ. ಗನ್‌ಗಳು. ಹಿಂದೆ ಬ್ರಿಗೇಡಿಯರ್ ತ್ಯಾಗರಾಜ್ ಅವರ 2ನೇ ಆರ್ಮರ್ಡ್ ಬ್ರಿಗೇಡ್. ಪಾಕಿಸ್ತಾನದ ಪ್ಯಾಟನ್ ಟ್ಯಾಂಕ್‌ಗಳು 8ರಿಂದ 10ರವರೆಗೆ ಬಂದವು. ಭಾರವಾದ ಟ್ಯಾಂಕ್‌ಗಳು ಕೆಸರಲ್ಲಿ ತಿಣುಕಿದವು, ಕಬ್ಬಿನಲ್ಲಿ ದಾರಿ ಕಾಣಲಿಲ್ಲ. ಅವರ ಟ್ಯಾಂಕ್ ಜೊತೆ ಸಾಕಷ್ಟು ಪದಾತಿ ಇರಲಿಲ್ಲ ಅನ್ನೋದೂ ಮುಖ್ಯ. 97 ಟ್ಯಾಂಕ್ ಕಳೆದುಕೊಂಡರು ಅನ್ನೋದು ನಮ್ಮ ಸೇನೆಯ ಲೆಕ್ಕ.

4 ಗ್ರೆನೇಡಿಯರ್ಸ್‌ನ ಹವಾಲ್ದಾರ್ ಅಬ್ದುಲ್ ಹಮೀದ್ ಬಗ್ಗೆ ಎಲ್ಲರಿಗೂ ಗೊತ್ತು. ಜೀಪ್ ಗನ್‌ನಿಂದ ಟ್ಯಾಂಕ್ ಹೊಡೆಯಬೇಕಾದರೆ ಅದು ಹತ್ತಿರ ಬರುವವರೆಗೆ ಕಾಯಬೇಕು. ಹೊಡೆದ ತಕ್ಷಣ ಹಿಂದಿನ ಬೆಂಕಿ, ಧೂಳಿನಿಂದ ನೀವಿರುವ ಜಾಗ ಬಯಲಾಗುತ್ತದೆ. ಕೂಡಲೇ ಜೀಪ್ ತಿರುಗಿಸಿ ಇನ್ನೊಂದು ಕಡೆ ಹೋಗಬೇಕು. ಅವರು ಅದನ್ನು ಮತ್ತೆ ಮತ್ತೆ ಮಾಡಿದರು. 10ರಂದು ತೀರಿಕೊಂಡರು, ಪರಮವೀರ ಚಕ್ರ ಬಂತು.

ಅವರ ಪಲ್ಟನ್ 4 ಗ್ರೆನೇಡಿಯರ್ಸ್ 1962ರಲ್ಲಿ ಎಲ್ಲಿತ್ತು? ನಮ್ಕಾ ಚು ದಂಡೆಯಲ್ಲಿ, ದಳವಿಯ ಬ್ರಿಗೇಡಿನಲ್ಲಿ. ಹಮೀದ್ ಕೂಡ ಅಲ್ಲಿದ್ದವರೇ.

ಹಲಸೂರು ಕೆರೆ ದಂಡೆ

ಇದು ಗೊತ್ತಿರಲಿಲ್ಲ ಸರ್! ಹಾಗಾದರೆ ಮೂರೂ ಕಡೆ ಇದ್ದ ಪಲ್ಟನ್ ಯಾವುದಾದರೂ ಇದೆಯಾ? ಮಹಾಯುದ್ಧ, 1962, 1965?

ಇತಿಹಾಸದ ಮೇಷ್ಟ್ರು

ಇದೆ. 1/9 ಗೂರ್ಖಾ. 1944ರ ಮಾರ್ಚ್‌ನಲ್ಲಿ ಕಸ್ಸೀನೋ ಮಠದ ಕೆಳಗಿನ ಹ್ಯಾಂಗ್‌ಮನ್ಸ್ ಹಿಲ್‌ನಲ್ಲಿ ಇದೇ ಪಲ್ಟನ್ ಒಂದು ವಾರಕ್ಕೂ ಹೆಚ್ಚು ಕಾಲ ಸಿಕ್ಕಿಕೊಂಡಿತ್ತು. ತಲೆಯ ಮೇಲೆ ಜರ್ಮನ್ನರು, ವಿಮಾನದಿಂದ ಎಸೆದ ಊಟ, ನೀರು. ಮಠವನ್ನು ಹಿಡಿಯಲಾಗಲಿಲ್ಲ, ಕೊನೆಗೆ ರಾತ್ರಿ ಹಿಂದೆ ಕರೆಸಿಕೊಂಡರು. ಕಸ್ಸೀನೋದಲ್ಲಿ ಡಿವಿಜನ್ ಅನುಭವಿಸಿದ ಸಾವುನೋವು ಭಾರಿ. 1962ರಲ್ಲಿ ಇದು ನಮ್ಕಾ ಚುನಲ್ಲಿ. 1965ರಲ್ಲಿ ಅಸಲ್ ಉತ್ತರ್ ಹತ್ತಿರದ ಖೇಮ್‌ಕರಣ್ ಕಡೆ, 62ನೇ ಬ್ರಿಗೇಡಿನಲ್ಲಿ.

ಮಲ್ಲಿಗೆ ತೋಟ ಮೇಡಂ, ಕಸ್ಸೀನೋ ನಿಮ್ಮ ವಾದಕ್ಕೂ ಸಾಕ್ಷಿ. ಆಗ 5, 7, 11 ಮೂರೂ ಬ್ರಿಗೇಡ್ ಕೂಡಿದ್ದವು. ಆದರೂ ಸೋಲು. ಟೂಕರ್ ಕಾಯಿಲೆ ಬಿದ್ದಿದ್ದರು, ನೇರ ದಾಳಿ ಬೇಡ, ಮಠವನ್ನು ಬಳಸಿ ಹೋಗೋಣ ಅನ್ನುವ ಅವರ ಮಾತು ನಡೆಯಲಿಲ್ಲ. ಒಳ್ಳೆಯ ಡಿವಿಜನ್ನನ್ನೂ ತಪ್ಪು ಕಡೆ ತಳ್ಳಿದರೆ ಉಳಿಯೋದಿಲ್ಲ.

ಮಲ್ಲಿಗೆ ತೋಟ

ಧನ್ಯವಾದ ಮೇಷ್ಟ್ರೇ. ಕಸ್ಸೀನೋ ನೆನಪಿಸಿದ್ದು ಒಳ್ಳೆಯದಾಯಿತು. ನಮ್ಕಾ ಚು ಹಾಗೇ ಅಲ್ಲಿಯೂ ಕೆಳಗೆ ನಿಂತವರು ಬೇಡ ಅಂದರು, ಮೇಲಿನವರು ಕೇಳಲಿಲ್ಲ.

ಬಯಲುಸೀಮೆ

ಎಲ್ಲರಿಗೂ ತುಂಬ ಧನ್ಯವಾದ. ಕೇಳಿದ್ದಕ್ಕಿಂತ ಜಾಸ್ತಿ ಸಿಕ್ಕಿತು. ಒಂದೇ ಒಂದು ಬಾಕಿ: 1971ರಲ್ಲಿ ಈ ಡಿವಿಜನ್ ಎಲ್ಲಿತ್ತು?

ಕುಂದಾನಗರಿ

ಪೂರ್ವ ಪಾಕಿಸ್ತಾನದಲ್ಲಿ, ಅಂದರೆ ಈಗಿನ ಬಾಂಗ್ಲಾದೇಶದಲ್ಲಿ. ಜನರಲ್ ರೈನಾ ಅವರ 2ನೇ ಕೋರ್ ಕೆಳಗೆ, ಕಮಾಂಡರ್ ಮೇಜರ್ ಜನರಲ್ ಬರಾರ್. ಡಿಸೆಂಬರ್ 7ಕ್ಕೆ ಝೆನಿದಾ ಹಿಡಿದರು. ಕುಷ್ಟಿಯಾ ಹತ್ತಿರ ಒಂದು ಹೊಂಚಿಗೆ ಸಿಕ್ಕಿ ಟ್ಯಾಂಕ್ ಕಳೆದುಕೊಂಡರು, ಅಲ್ಲಿ ಸ್ವಲ್ಪ ತಡವಾಯಿತು. ಆಮೇಲೆ ಮಧುಮತಿ ನದಿ ದಾಟಿ ಫರೀದ್‌ಪುರದ ಕಡೆ ಹೋದರು. ಮೂರು ಬ್ರಿಗೇಡ್ ಇದ್ದವು: 7, 41, 62. ನಮ್ಕಾ ಚುನ 7 ಮತ್ತು ಸೇ ಲಾದ 62 ಅಷ್ಟು ಹೊತ್ತಿಗೆ ಒಂಬತ್ತು ವರ್ಷ ಹಳೆಯ ಜೊತೆಗಾರರು.